ಲಾಸಾದ ಖಾಚೆಗಳು ಮತ್ತು ಅಭಿವೃದ್ಧಿಯ ರೈಲು

ಟಿಬೆಟ್ ಎಂದೊಡನೆ ನಮಗೆಲ್ಲ ನೆನಪಾಗುವುದು ಕೆಂಪು ನಿಲುವಂಗಿಯ ಭಿಕ್ಷುಗಳು, ಗಾಳಿಗೆ ಪಟಪಟಿಸುವ ಬಣ್ಣದ ಪ್ರಾರ್ಥನಾ ಬಾವುಟಗಳು, ಬೆಟ್ಟದ ಮೇಲೆ ನಿಂತ ಪೊಟಾಲ ಅರಮನೆ. ಆ ಚಿತ್ರದೊಳಗೆ ಒಂದು ಮಸೀದಿಗೂ ಐದು ಹೊತ್ತಿನ ಅಜಾನಿಗೂ ಜಾಗವಿದೆ ಎಂದರೆ ಅನೇಕರು ಹುಬ್ಬೇರಿಸುತ್ತಾರೆ. ಆದರೆ ಲಾಸಾ ನಗರದ ನಡುವೆ ಇರುವ ಜೋಖಾಂಗ್ ದೇವಾಲಯವನ್ನೂ ಅದನ್ನು ಬಳಸಿಕೊಂಡಿರುವ ಬಾರ್ಖೋರ್ ಪೇಟೆಯನ್ನೂ ದಾಟಿ ಸ್ವಲ್ಪ ನಡೆದರೆ ಸಾಕು, ಮಸೀದಿ ಸಿಗುತ್ತದೆ. ಅಲ್ಲಿ ನಮಾಜಿಗೆ ನಿಲ್ಲುವ ಹಳೆಯ ಮನೆತನಗಳ ಮನೆಮಾತು ಟಿಬೆಟನ್. ಇದು ನಿನ್ನೆ ಮೊನ್ನೆಯ ಮಾತಲ್ಲ, ಶತಮಾನಗಳ ಮಾತು.

ಟಿಬೆಟಿನ ಅಭಿವೃದ್ಧಿಯ ಬಗ್ಗೆ ಜಗತ್ತಿನಲ್ಲಿ ಎರಡು ಕಥನಗಳು ಚಾಲ್ತಿಯಲ್ಲಿವೆ. ಒಂದು ಬೀಜಿಂಗಿನದು: ರಸ್ತೆ ಬಂತು, ರೈಲು ಬಂತು, ವಿದ್ಯುತ್ತು ಬಂತು, ಆಸ್ಪತ್ರೆ ಬಂತು, ಬಡತನ ಹೋಯಿತು. ಇನ್ನೊಂದು ದೇಶ ಬಿಟ್ಟು ಬಂದವರದು: ನಮ್ಮ ಧರ್ಮ, ಭಾಷೆ, ಬದುಕು ಎಲ್ಲವೂ ಹೋಯಿತು. ಎರಡರಲ್ಲೂ ಸತ್ಯವಿದೆ. ಈ ಲೇಖನದಲ್ಲಿ ನಾವು ಮೂರನೆಯ ಒಂದು ಜಾಗದಿಂದ, ಅಂದರೆ ಲಾಸಾದ ಒಂದು ಸಣ್ಣ ಮುಸ್ಲಿಮ್ ಸಮುದಾಯದ ಅಂಗಡಿಯ ಹೊಸ್ತಿಲಿನಿಂದ, ಈ ಚರಿತ್ರೆಯನ್ನು ನೋಡಬೇಕೆಂದಿದ್ದೇವೆ. ಒಂದು ನಾಡಿನ ಬದುಕು ಬದಲಾಗುವಾಗ ಆ ಬದಲಾವಣೆ ಮೊದಲು ಕಾಣಿಸುವುದು ಪೇಟೆಯಲ್ಲಿ. ಗಲ್ಲಾಪೆಟ್ಟಿಗೆಯ ಹಿಂದೆ ಯಾರು ಕುಳಿತಿದ್ದಾರೆ, ಯಾರು ಯಾರ ಭಾಷೆಯಲ್ಲಿ ಚೌಕಾಸಿ ಮಾಡುತ್ತಾರೆ ಎಂಬುದು ಸರಕಾರಿ ವರದಿಗಳು ಹೇಳದ ಸಂಗತಿಗಳನ್ನು ಹೇಳುತ್ತದೆ.

ಬಾಣ ಅಳೆದ ಭೂಮಿ

ಟಿಬೆಟನ್ನರು ಮುಸ್ಲಿಮರನ್ನು ಕರೆಯುವ ಹೆಸರು 'ಖಾಚೆ'. ಮೂಲದಲ್ಲಿ ಇದು ಕಾಶ್ಮೀರಕ್ಕೆ ಅವರಿಟ್ಟ ಹೆಸರು. ಲಾಸಾಕ್ಕೆ ಮೊದಲು ಬಂದ ಮುಸ್ಲಿಮರಲ್ಲಿ ಹೆಚ್ಚಿನವರು ಕಾಶ್ಮೀರದಿಂದಲೂ ಲಡಾಖಿನಿಂದಲೂ ಬಂದ ವ್ಯಾಪಾರಿಗಳಾದ್ದರಿಂದ ಊರಿನ ಹೆಸರೇ ಕ್ರಮೇಣ ಧರ್ಮದ ಹೆಸರಾಯಿತು. ಇವರಲ್ಲದೆ ಚೀನಾದ ಕಡೆಯಿಂದ ಬಂದ ಹುಯಿ ಮುಸ್ಲಿಮರ ಒಂದು ಹಳೆಯ ಕೇರಿಯೂ ಲಾಸಾದಲ್ಲಿತ್ತು. ಅವರು ತರಕಾರಿ ಬೆಳೆಯುವ, ಮಾಂಸ ಕಡಿಯುವ ಕಸುಬಿನವರು. ಪ್ರಾಣಿಯನ್ನು ಕೊಲ್ಲುವುದು ಪಾಪವೆಂದು ನಂಬಿದ, ಆದರೆ ಮಾಂಸವಿಲ್ಲದೆ ಬದುಕಲಾಗದ ಆ ಶೀತಭೂಮಿಯಲ್ಲಿ ಕಟುಕರ ಕಸುಬು ಬಹುಮಟ್ಟಿಗೆ ಮುಸ್ಲಿಮರ ಪಾಲಿಗೆ ಬಂದುದು ಸಹಜವೇ ಆಗಿತ್ತು.

ಖಾಚೆಗಳು ತಮ್ಮ ಮಕ್ಕಳಿಗೆ ಹೇಳಿಕೊಂಡು ಬಂದ ಒಂದು ಕಥೆಯಿದೆ. 17ನೇ ಶತಮಾನದಲ್ಲಿ, ಐದನೆಯ ದಲಾಯಿ ಲಾಮಾ ಅವರ ಕಾಲದಲ್ಲಿ, ಒಬ್ಬ ಮುಸ್ಲಿಮ್ ಪೀರರು ಲಾಸಾದ ಹೊರಗಿನ ಗುಡ್ಡದ ಮೇಲೆ ದಿನವೂ ಒಬ್ಬರೇ ನಮಾಜು ಮಾಡುತ್ತಿದ್ದರಂತೆ. ಪೊಟಾಲದಿಂದ ಇದನ್ನು ಕಂಡ ಲಾಮಾ ಅವರನ್ನು ಕರೆಸಿ ವಿಚಾರಿಸಿದರು. ತಮ್ಮ ಜನಕ್ಕೆ ಪ್ರಾರ್ಥನೆಗೆ ಜಾಗವಿಲ್ಲ ಎಂದು ಪೀರರು ಹೇಳಿದಾಗ, ಲಾಮಾ ಒಬ್ಬ ಬಿಲ್ಲುಗಾರನನ್ನು ಕಳಿಸಿ ನಾಲ್ಕು ದಿಕ್ಕಿಗೂ ಬಾಣ ಬಿಡಿಸಿದರು. ಬಾಣಗಳು ಬಿದ್ದಲ್ಲಿಯವರೆಗಿನ ನೆಲ ಮುಸ್ಲಿಮರದಾಯಿತು. ಇದು ಜನ ಹೇಳುವ ಕಥೆ. ಆದರೆ ಭೂಮಿ ದೊರೆತದ್ದು ನಿಜ. ಲಾಸಾದ ಪಶ್ಚಿಮಕ್ಕೆ ಮಸೀದಿ, ಖಬರಸ್ತಾನಗಳಿರುವ 'ಖಾಚೆ ಲಿಂಗ್ಕಾ', ಅಂದರೆ ಮುಸ್ಲಿಮರ ತೋಟ, ಇದಕ್ಕೆ ಸಾಕ್ಷಿ.

ಭೂಮಿಯ ಜೊತೆಗೆ ಕೆಲವು ಹಕ್ಕುಗಳೂ ಬಂದವು. ಸಮುದಾಯದ ವ್ಯವಹಾರಗಳನ್ನು ಐದು ಜನರ ಒಂದು ಮಂಡಳಿ ನೋಡಿಕೊಳ್ಳುತ್ತಿತ್ತು. ಅದರ ಹೆಸರು 'ಪೋಂಜ್'. ನಮ್ಮ 'ಪಂಚ'ರೇ ಹಿಮಾಲಯ ದಾಟಿ ಪೋಂಜ್ ಆಗಿದ್ದಾರೆ ಎಂಬುದು ಓದುಗರಿಗೆ ಹೊಳೆದಿರಬೇಕು. ತಮ್ಮೊಳಗಿನ ವ್ಯಾಜ್ಯಗಳನ್ನು ಶರೀಅತ್ತಿನಂತೆ ತೀರ್ಮಾನಿಸಿಕೊಳ್ಳುವ ಸ್ವಾತಂತ್ರ್ಯ ಅವರಿಗಿತ್ತು. ಬೌದ್ಧರ ಪವಿತ್ರ ಮಾಸದಲ್ಲಿ ಮಾಂಸ ನಿಷೇಧವಾದಾಗ ಖಾಚೆಗಳಿಗೆ ವಿನಾಯಿತಿ ಇತ್ತು. ಲಾಸಾದ ಮದ್ರಸಗಳಲ್ಲಿ ಓದು ಮುಗಿಸಿದ ಹುಡುಗರು ಹೆಚ್ಚಿನ ವ್ಯಾಸಂಗಕ್ಕೆ ದೇವಬಂದಿಗೂ ಲಖನೌದ ನದ್ವಾಕ್ಕೂ ಬರುತ್ತಿದ್ದರು.

ಕೊಳ್ಳುವವರ ಭಾಷೆ

1684ರಲ್ಲಿ ಲಡಾಖಿಗೂ ಟಿಬೆಟಿಗೂ ನಡೆದ ಒಪ್ಪಂದದ ಫಲವಾಗಿ ಮೂರು ವರ್ಷಕ್ಕೊಮ್ಮೆ ಲೇಹ್‌ನಿಂದ ಲಾಸಾಕ್ಕೆ ಒಂದು ಅಧಿಕೃತ ಕಾಫಿಲಾ ಹೊರಡತೊಡಗಿತು. ಇದಕ್ಕೆ 'ಲೋಪ್‌ಚಾಕ್' ಎಂದು ಹೆಸರು. ದಲಾಯಿ ಲಾಮಾ ಅವರಿಗೆ ಕಾಣಿಕೆ ಒಯ್ಯುವ ಬೌದ್ಧ ನಿಯೋಗವಿದು. ಆದರೆ ಇದರ ಲೇವಾದೇವಿ, ಸರಕು ಸಾಗಣೆಗಳನ್ನೆಲ್ಲ ಬಹುಕಾಲ ನಡೆಸಿದವರು ಲೇಹ್‌ನ ಮುಸ್ಲಿಮ್ ವ್ಯಾಪಾರಿ ಮನೆತನಗಳು. ಬೌದ್ಧ ಗುರುವಿಗೆ ಬೌದ್ಧ ರಾಜ್ಯ ಕಳಿಸಿದ ಕಾಣಿಕೆಯನ್ನು ಮುಸ್ಲಿಮ್ ವರ್ತಕ ಜೋಪಾನವಾಗಿ ತಲುಪಿಸುತ್ತಿದ್ದ. ಇದರಲ್ಲಿ ವಿಚಿತ್ರವೇನೂ ಯಾರಿಗೂ ಕಂಡಿರಲಿಲ್ಲ. ಕೇಸರಿ, ಒಣಗಿದ ಜರ್ದಾಳು, ಬಟ್ಟೆಬರೆ ಅತ್ತ ಹೋದರೆ ಇಟ್ಟಿಗೆಯಂತೆ ಒತ್ತಿದ ಚಹಾ, ಉಣ್ಣೆ, ಕಸ್ತೂರಿ ಇತ್ತ ಬರುತ್ತಿದ್ದವು. ಲೇಹ್‌ನ ಅಬ್ದುಲ್ ವಾಹಿದ್ ರಾಧು 1942ರಲ್ಲಿ ಇಂತಹ ಕೊನೆಯ ಕಾಫಿಲಾದೊಡನೆ ತಿಂಗಳುಗಟ್ಟಲೆ ಪಯಣಿಸಿ ಲಾಸಾ ಸೇರಿದರು. ಅವರು ಮುಂದೆ ಬರೆದ ನೆನಪುಗಳು ಆ ಮುಳುಗಿದ ಲೋಕದ ಅಪರೂಪದ ದಾಖಲೆಯಾಗಿವೆ.

1846ರಲ್ಲಿ ಲಾಸಾ ಕಂಡ ಫ್ರೆಂಚ್ ಪಾದ್ರಿ ಹ್ಯೂಕ್ ಕೂಡ ತಮ್ಮ ಪ್ರವಾಸಕಥನದಲ್ಲಿ ಪೇಟ ಸುತ್ತಿದ, ಗಡ್ಡ ಬಿಟ್ಟ 'ಕಾಚಿ' ಅಂಗಡಿಕಾರರನ್ನೂ ಅವರ ನಾಣ್ಯ ವಿನಿಮಯದ ವ್ಯವಹಾರವನ್ನೂ ಬಣ್ಣಿಸಿದ್ದಾರೆ. ಈ ಅಂಗಡಿಕಾರರು ಟಿಬೆಟನ್ ಹೆಣ್ಣುಮಕ್ಕಳನ್ನು ನಿಕಾಹ್ ಮಾಡಿಕೊಂಡರು. ಮಕ್ಕಳು ತಾಯಿಯ ಮಾತು ಕಲಿತರು, ತಂದೆಯ ದೀನ್ ಕಲಿತರು. ಕುರ್‌ಆನ್ ಅರಬಿಯಲ್ಲಿ, ಮದ್ರಸದ ಪಾಠ ಉರ್ದುವಿನಲ್ಲಿ, ಮನೆಯ ಜಗಳ ಮತ್ತು ಪೇಟೆಯ ಲೆಕ್ಕ ಟಿಬೆಟನ್ನಿನಲ್ಲಿ. ಲಾಸಾದ 'ನಂಗ್ಮಾ' ಎಂಬ ಹಾಡು ಕುಣಿತದ ಪ್ರಕಾರವನ್ನು ಬೆಳೆಸಿದವರಲ್ಲಿ ಮುಸ್ಲಿಮರ ಪಾಲು ದೊಡ್ಡದು ಎಂಬ ಮಾತಿದೆ. 'ಖಾಚೆ ಫಾಲು' ಎಂಬ ಹೆಸರಿನ ಒಂದು ಟಿಬೆಟನ್ ನೀತಿಗ್ರಂಥವಂತೂ ಬೌದ್ಧರ ಮನೆಗಳಲ್ಲೂ ಮೆಚ್ಚುಗೆ ಗಳಿಸಿತು. ಬರೆದವರು ಯಾರೆಂಬ ಬಗ್ಗೆ ಭಿನ್ನಾಭಿಪ್ರಾಯವಿದ್ದರೂ ಅದರ ಹೆಸರಿನಲ್ಲಿ ಒಬ್ಬ ಮುಸ್ಲಿಮನಿದ್ದಾನೆ. ಅದರ ಬೋಧನೆಯಲ್ಲಿ ಪಾರಸಿಯ ಸಾದಿಯ ನೆರಳಿದೆ ಎಂದು ಬಲ್ಲವರು ಹೇಳುತ್ತಾರೆ. ಮದ್ರಸದಲ್ಲಿ ಗುಲಿಸ್ತಾನ್ ಓದಿದ ನಮ್ಮ ಹಿರಿಯರಿಗೆ ಇದು ಕೇಳಿ ಸಂತೋಷವಾದೀತು.

ಇದೆಲ್ಲ ಹೇಗೆ ಸಾಧ್ಯವಾಯಿತು? ಇದು ಬರಿಯ ಸಹೃದಯತೆಯ ಫಲವೆಂದು ನಾವು ಹೇಳುವುದಿಲ್ಲ. ಇದರ ಹಿಂದೆ ಒಂದು ಸರಳ ಲೆಕ್ಕಾಚಾರವಿತ್ತು. ಬೆಟ್ಟ ದಾಟಿ ಬರಲು ತಿಂಗಳುಗಳು ಬೇಕು. ಬಂದವನು ಬೇಗ ಮರಳುವಂತಿಲ್ಲ. ಕೊಳ್ಳುವವನು ಟಿಬೆಟನ್, ಸರಕು ಮಾರುವವನು ಟಿಬೆಟನ್, ನ್ಯಾಯ ಹೇಳುವವನು ಟಿಬೆಟನ್. ಅವನ ಭಾಷೆ ಕಲಿಯದೆ ಒಂದು ಸೇರು ಉಪ್ಪನ್ನೂ ಮಾರಲಾಗದು. ದಾರಿಯ ದುರ್ಗಮತೆಯೇ ಹೊರಗಿನವನನ್ನು ಒಳಗಿನವನನ್ನಾಗಿ ಮಾಡಿತು. ಹಾಗೆಂದು ಹಳೆಯ ಟಿಬೆಟ್ ಸ್ವರ್ಗವಾಗಿತ್ತೆಂದಲ್ಲ. ಭೂಮಿಯೆಲ್ಲ ಮಠಗಳ, ಶ್ರೀಮಂತ ಮನೆತನಗಳ ಕೈಯಲ್ಲಿತ್ತು. ಬಡವ ಬಿಟ್ಟಿದುಡಿಮೆ ಮಾಡುತ್ತಿದ್ದ. ಲೋಪ್‌ಚಾಕ್ ಕಾಫಿಲಾದ ಹೊರೆಯನ್ನು ಸಾಗಿಸಲು ದಾರಿಯ ಹಳ್ಳಿಗರು ತಮ್ಮ ಪ್ರಾಣಿಗಳನ್ನು ಪುಕ್ಕಟೆಯಾಗಿ ಒದಗಿಸಬೇಕಾಗಿತ್ತು. ನಾವು ಹೊಗಳುತ್ತಿರುವ ವ್ಯಾಪಾರದ ಲಾಭದಲ್ಲಿ ಆ ಹಳ್ಳಿಗರ ಬೆವರೂ ಇತ್ತು ಎಂಬುದನ್ನು ಮರೆಯುವಂತಿಲ್ಲ.

ಎರಡು ಸಲ ಪರದೇಶಿಗಳು

1950ರಲ್ಲಿ ಚೀನೀ ಸೇನೆ ಟಿಬೆಟನ್ನು ಪ್ರವೇಶಿಸಿತು. 1951ರಲ್ಲಿ 17 ಅಂಶಗಳ ಒಪ್ಪಂದವಾಯಿತು. 1954ರ ಡಿಸೆಂಬರಿನಲ್ಲಿ ಎರಡು ಹೆದ್ದಾರಿಗಳು, ಒಂದು ಚಿಂಗ್‌ಹಾಯ್ ಕಡೆಯಿಂದ, ಇನ್ನೊಂದು ಸಿಚುವಾನ್ ಕಡೆಯಿಂದ, ಲಾಸಾ ತಲುಪಿದವು. ಲಾಸಾದ ಚರಿತ್ರೆಯಲ್ಲಿ ಲಾರಿಯ ಯುಗ ಆರಂಭವಾದದ್ದು ಅಂದು. ಅದುವರೆಗೆ ದಕ್ಷಿಣಕ್ಕೆ, ಭಾರತದ ಕಡೆಗೆ ಮುಖ ಮಾಡಿದ್ದ ಟಿಬೆಟಿನ ವ್ಯಾಪಾರ ಪೂರ್ವಕ್ಕೆ ತಿರುಗಿತು.

1959ರ ಮಾರ್ಚ್‌ನಲ್ಲಿ ಲಾಸಾದಲ್ಲಿ ಬಂಡಾಯವಾಗಿ ದಲಾಯಿ ಲಾಮಾ ಭಾರತಕ್ಕೆ ಬಂದದ್ದು ಎಲ್ಲರಿಗೂ ಗೊತ್ತು. ಅದರ ಬೆನ್ನಿಗೇ ಖಾಚೆಗಳಿಗೂ ಸಂಕಟ ಬಂತು. ತಾವು ಕಾಶ್ಮೀರಿ ಮೂಲದವರು, ಆದ್ದರಿಂದ ಭಾರತದ ಪ್ರಜೆಗಳು ಎಂದು ಅವರು ವಾದಿಸಿದರು. ಚೀನೀ ಅಧಿಕಾರಿಗಳು ಚೀನಾದ ಪೌರತ್ವ ಒಪ್ಪಿಕೊಳ್ಳುವಂತೆ ಒತ್ತಾಯಿಸಿದರು. ಭಾರತ ಸರಕಾರ ಅವರ ವಾದವನ್ನು ಮನ್ನಿಸಿದ ಮೇಲೆ 1960ರ ದಶಕದ ಆರಂಭದಲ್ಲಿ ಹೆಚ್ಚಿನ ಕುಟುಂಬಗಳು ಮನೆ, ಅಂಗಡಿಗಳನ್ನು ಬಿಟ್ಟು ಕಾಲಿಂಪೊಂಗ್, ಡಾರ್ಜಿಲಿಂಗ್, ಗ್ಯಾಂಗ್ಟಕ್‌ಗಳಿಗೆ ಬಂದವು. ಅಲ್ಲಿಂದ ಅನೇಕರು ಪೂರ್ವಿಕರ ಊರಾದ ಶ್ರೀನಗರಕ್ಕೆ ಹಿಜರತ್ ಮಾಡಿದರು.

ಶ್ರೀನಗರದಲ್ಲಿ ಅವರಿಗೆ ಕಾದಿದ್ದುದು ಒಂದು ಕಹಿ ವ್ಯಂಗ್ಯ. ಲಾಸಾದಲ್ಲಿ ಮುನ್ನೂರು ವರ್ಷ 'ಕಾಶ್ಮೀರಿ' ಎನಿಸಿಕೊಂಡವರು ಕಾಶ್ಮೀರಕ್ಕೆ ಬಂದೊಡನೆ 'ಟಿಬೆಟಿ'ಗಳಾದರು. ರಾಜ್ಯದ ಕಾಯಂ ನಿವಾಸಿಗಳೆಂಬ ದಾಖಲೆ ಇಲ್ಲದ ಕಾರಣ 2019ರಲ್ಲಿ ಆ ಕಾನೂನು ಬದಲಾಗುವವರೆಗೂ ಬಹುಪಾಲು ಕುಟುಂಬಗಳಿಗೆ ಜಮೀನು ಕೊಳ್ಳುವ, ಸರಕಾರಿ ಕೆಲಸ ಪಡೆಯುವ ಹಕ್ಕು ಇರಲಿಲ್ಲ. ಈದ್ಗಾ, ಹವಲ್ ಮುಂತಾದ ಕಡೆ ನೆಲೆಸಿ, ಬಟ್ಟೆಯ ಮೇಲೆ ಕಸೂತಿ ಹಾಕುತ್ತ ಬದುಕು ಕಟ್ಟಿಕೊಂಡರು. 2012ರ ಜುಲೈನಲ್ಲಿ ದಲಾಯಿ ಲಾಮಾ ಇವರ ಶಾಲೆಗೆ ಬಂದಾಗ ಮುಸ್ಲಿಮ್ ಹೆಂಗಸರು, ಮಕ್ಕಳು ಅವರನ್ನು ಬರಮಾಡಿಕೊಂಡರು. ಧರ್ಮಗುರುವೆಂದಲ್ಲ, ತಮ್ಮ ಊರಿನ ಹಿರಿಯನೆಂದು.

ಲಾಸಾದಲ್ಲೇ ಉಳಿದುಕೊಂಡ ಖಾಚೆಗಳ, ಉಳಿದ ಟಿಬೆಟನ್ನರ ಕಥೆ ಮುಂದಿನದು. ಸಾಂಸ್ಕೃತಿಕ ಕ್ರಾಂತಿಯ ಹತ್ತು ವರ್ಷಗಳಲ್ಲಿ, 1966ರಿಂದ 1976ರವರೆಗೆ, ಮಠಗಳೂ ಮಸೀದಿಗಳೂ ಒಂದೇ ಬೆಂಕಿಯಲ್ಲಿ ಬೆಂದವು. 1980ರ ನಂತರ ಉಸಿರಾಡಲು ಒಂದಿಷ್ಟು ಬಿಡುವು ದೊರೆಯಿತು. ನಮ್ಮ ವಿಷಯವಾದ 'ವೇಗದ ಅಭಿವೃದ್ಧಿ' ಶುರುವಾದದ್ದು ಆಮೇಲೆ.

ಹಳಿಯ ಮೇಲೆ ಬಂದ ಸಂಪತ್ತು

2000ದ ಹೊತ್ತಿಗೆ ಚೀನಾ ಸರಕಾರ ಪಶ್ಚಿಮದ ಹಿಂದುಳಿದ ಪ್ರಾಂತಗಳನ್ನು ಮೇಲೆತ್ತುವ ದೊಡ್ಡ ಯೋಜನೆಯನ್ನು ಕೈಗೆತ್ತಿಕೊಂಡಿತು. ಅದರ ಶಿಖರವೇ ಗೋಲ್ಮುಡ್‌ನಿಂದ ಲಾಸಾದವರೆಗಿನ 1,142 ಕಿಲೋಮೀಟರ್ ರೈಲುಮಾರ್ಗ. 2006ರ ಜುಲೈ 1ರಂದು ಮೊದಲ ರೈಲು ಓಡಿತು. 5,072 ಮೀಟರ್ ಎತ್ತರದ ತಂಗುಲಾ ಕಣಿವೆಯನ್ನು ಹಾಯುವ ಈ ಹಳಿ ಎಂಜಿನಿಯರುಗಳ ಅದ್ಭುತವೇ ಸರಿ. 2014ರಲ್ಲಿ ಹಳಿ ಶಿಗಾಟ್ಸೆಗೆ ಮುಂದುವರಿಯಿತು. 2021ರಲ್ಲಿ ಪೂರ್ವದ ನ್ಯಿಂಗ್‌ಚಿಗೆ 435 ಕಿಲೋಮೀಟರ್‌ಗಳ ಇನ್ನೊಂದು ಮಾರ್ಗ ತೆರೆಯಿತು. 2025ರ ಜುಲೈನಲ್ಲಿ ಬ್ರಹ್ಮಪುತ್ರದ ಮೇಲ್ಪಾತ್ರದಲ್ಲಿ ಭಾರೀ ಜಲವಿದ್ಯುತ್ ಯೋಜನೆಯ ಕೆಲಸ ಆರಂಭವಾಯಿತು.

ಲಾಭವೇನೂ ಆಗಿಲ್ಲವೆನ್ನುವುದು ಅಪ್ರಾಮಾಣಿಕ ಮಾತಾದೀತು. ಸರಕಾರಿ ಲೆಕ್ಕದ ಪ್ರಕಾರ 1950ರ ದಶಕದ ಆರಂಭದಲ್ಲಿ ಸುಮಾರು 35 ವರ್ಷವಿದ್ದ ಸರಾಸರಿ ಆಯಸ್ಸು ಈಗ 70 ದಾಟಿದೆ. ಹೆರಿಗೆಯಲ್ಲಿ ಸಾಯುವ ತಾಯಂದಿರು ಕಡಿಮೆಯಾಗಿದ್ದಾರೆ. ಹಳ್ಳಿಹಳ್ಳಿಗೆ ರಸ್ತೆ, ದೀಪ, ಮೊಬೈಲು ಬಂದಿವೆ. ದೂರದಲ್ಲಿ ಕುಳಿತು ಪ್ರಾರ್ಥನಾ ಬಾವುಟಗಳ ಚಂದವನ್ನಷ್ಟೇ ಮೆಚ್ಚುವ ನಮ್ಮಂಥವರು ಇದನ್ನೆಲ್ಲ ಹಗುರವಾಗಿ ಕಾಣಬಾರದು. ಮಗುವಿಗೆ ಜ್ವರ ಬಂದ ರಾತ್ರಿ ತಾಯಿಗೆ ಬೇಕಾದದ್ದು ಆಸ್ಪತ್ರೆಗೆ ಹೋಗುವ ರಸ್ತೆಯೇ.

ಪ್ರಶ್ನೆ ಬೇರೆ ಇದೆ. ಈ ಹಣ ಎಲ್ಲಿಂದ ಬಂತು, ಯಾರ ಕೈಯಿಂದ ಯಾರ ಕೈಗೆ ಹೋಯಿತು? ಟಿಬೆಟ್ ಸ್ವಾಯತ್ತ ಪ್ರದೇಶದ ಸರಕಾರಿ ಖರ್ಚಿನಲ್ಲಿ 90 ಶೇಕಡಾದಷ್ಟು ಬರುವುದು ಬೀಜಿಂಗಿನಿಂದ. ಅಂಡ್ರ್ಯೂ ಫಿಶರ್ ಎಂಬ ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ಇದನ್ನು ಅಧ್ಯಯನ ಮಾಡಿ ತೋರಿಸಿದ ಸಂಗತಿ ಇದು: ಹಣ ಸುರಿಯುತ್ತದೆ, ಆದರೆ ಗುತ್ತಿಗೆ ಹೊರಗಿನ ಕಂಪೆನಿಗಳಿಗೆ, ಕುಶಲ ಕೆಲಸ ಹೊರಗಿನಿಂದ ಬಂದವರಿಗೆ. ಬಂದ ಹಣ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಮಳೆ ಜೋರಾಗಿಯೇ ಬಿತ್ತು, ನೀರು ನಿಂತದ್ದು ಮಾತ್ರ ಬೇರೆಯವರ ಕೆರೆಯಲ್ಲಿ.

2020ರ ಜನಗಣತಿಯಂತೆ ಸ್ವಾಯತ್ತ ಪ್ರದೇಶದ 36 ಲಕ್ಷ ಚಿಲ್ಲರೆ ಜನರಲ್ಲಿ ಟಿಬೆಟನ್ನರು ಸುಮಾರು 86 ಶೇಕಡಾ. ಆದ್ದರಿಂದ ಇಡೀ ನಾಡು ವಲಸಿಗರಿಂದ ತುಂಬಿಹೋಗಿದೆ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಹಳ್ಳಿಗಳು ಟಿಬೆಟನ್ನರವೇ. ಬದಲಾದದ್ದು ಪೇಟೆ. ಸರಕಾರಿ ಲೆಕ್ಕದಲ್ಲಿ 2006ರಲ್ಲಿ ಪ್ರವಾಸಿಗರು ಸುಮಾರು 25 ಲಕ್ಷ, 2019ರಲ್ಲಿ 4 ಕೋಟಿ. ಅವರಲ್ಲಿ ಬಹುತೇಕರು ಚೀನಾದ ಒಳನಾಡಿನವರು. ಅವರಿಗೆ ಬೇಕಾದ ಹೋಟೆಲು, ಅಂಗಡಿ, ಟ್ಯಾಕ್ಸಿಗಳ ಭಾಷೆ ಚೀನೀ. ಖಾಚೆಗಳ ಕಾಲದಲ್ಲಿ ಟಿಬೆಟನ್ ಬಾರದವನಿಗೆ ಲಾಸಾದಲ್ಲಿ ವ್ಯಾಪಾರವಿರಲಿಲ್ಲ. ಈಗ ಟಿಬೆಟನ್ ಒಂದೇ ಬಲ್ಲವನಿಗೆ ಲಾಸಾದಲ್ಲಿ ವ್ಯಾಪಾರ ಕಷ್ಟ. ಸಾವಿರ ಕಿಲೋಮೀಟರ್ ಮೀರಿದ ಈ ರೈಲು ಮಾಡಿದ ಅತಿ ದೊಡ್ಡ ಬದಲಾವಣೆ ಇದೇ ಎಂದು ನಮಗೆ ತೋರುತ್ತದೆ. ಎರಡು ದಿನದಲ್ಲಿ ಬಂದು, ಒಂದು ಹಂಗಾಮು ದುಡಿದು, ಎರಡು ದಿನದಲ್ಲಿ ಮರಳಬಲ್ಲವನು ಅಲ್ಲಿಯವರ ಭಾಷೆಯನ್ನು ಯಾಕೆ ಕಲಿತಾನು? ಅವರ ಮನೆಯ ಹೆಣ್ಣನ್ನು ಯಾಕೆ ಕೇಳಿಯಾನು? ಅವರ ಹಬ್ಬಕ್ಕೆ ಯಾಕೆ ಹೋದಾನು?

ಹುಲ್ಲುಗಾವಲಿನ ಕಥೆಯೂ ಇದಕ್ಕಿಂತ ಬೇರೆಯಲ್ಲ. ಯಾಕ್ ಮತ್ತು ಕುರಿಗಳೊಂದಿಗೆ ಅಲೆಯುತ್ತಿದ್ದ ಕುಟುಂಬಗಳನ್ನು, ಹುಲ್ಲುಗಾವಲು ಉಳಿಸಬೇಕೆಂಬ ಕಾರಣ ಹೇಳಿ, ಸಾಲುಮನೆಗಳ ಊರುಗಳಿಗೆ ತರಲಾಯಿತು. ಮನೆ ಕಟ್ಟುವ, ಸ್ಥಳಾಂತರಿಸುವ ಯೋಜನೆಗಳು 2006ರಿಂದ 2012ರ ನಡುವೆ 20 ಲಕ್ಷಕ್ಕೂ ಹೆಚ್ಚು ಟಿಬೆಟನ್ನರನ್ನು ಮುಟ್ಟಿದವು ಎಂದು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2013ರಲ್ಲಿ ವರದಿ ಮಾಡಿತು. ಮನೆಗೆ ಗೋಡೆ ಬಂತು, ಆದರೆ ಹಾಲು, ಬೆಣ್ಣೆ, ಉರುವಲಿಗೆ ಸೆಗಣಿ, ಎಲ್ಲವನ್ನೂ ಕೊಡುತ್ತಿದ್ದ ಪ್ರಾಣಿ ಹೋಯಿತು. ಈಗ ಅದೆಲ್ಲವನ್ನೂ ಅಂಗಡಿಯಿಂದ ಕೊಳ್ಳಬೇಕು. ಕೈಗೆ ಕಾಸು ಬರುವುದು ಬೇಸಿಗೆಯ ಆರಂಭದಲ್ಲಿ ಗುಡ್ಡದಲ್ಲಿ ಸಿಗುವ 'ಯಾರ್ಸಾ ಗುಂಬು'ವಿನಿಂದ. ಚಳಿಗಾಲದಲ್ಲಿ ಹುಳು, ಬೇಸಿಗೆಯಲ್ಲಿ ಹುಲ್ಲು ಎಂಬ ಅರ್ಥದ ಹೆಸರಿನ ಈ ಶಿಲೀಂಧ್ರಕ್ಕೆ ಚೀನೀ ಔಷಧದ ಪೇಟೆಯಲ್ಲಿ ಬಂಗಾರದ ಬೆಲೆ. ಗುಡ್ಡದಲ್ಲಿ ಮಂಡಿಯೂರಿ ಹುಡುಕುವವರು ಟಿಬೆಟನ್ನರು. ಶಿನಿಂಗ್‌ನಂಥ ಪೇಟೆಗಳಲ್ಲಿ ಅದನ್ನು ಸಗಟಾಗಿ ಕೊಂಡು ಮಾರುವವರಲ್ಲಿ ಹುಯಿ ಮುಸ್ಲಿಮರು ಬಹಳ.

ಸುಟ್ಟ ಬಾಗಿಲು

ಇಲ್ಲಿ ನಾವು ಒಂದು ಅಹಿತಕರ ಪುಟವನ್ನು ತೆರೆಯಲೇಬೇಕು. 2008ರ ಮಾರ್ಚ್ 14ರಂದು ಲಾಸಾದಲ್ಲಿ ಗಲಭೆಯಾಯಿತು. ಟಿಬೆಟನ್ ಯುವಕರ ಗುಂಪುಗಳು ಹಾನ್ ಚೀನೀಯರ ಅಂಗಡಿಗಳ ಜೊತೆಗೆ ಹುಯಿ ಮುಸ್ಲಿಮರ ಅಂಗಡಿಗಳನ್ನೂ ಸುಟ್ಟವು. ದೊಡ್ಡ ಮಸೀದಿಯ ಬಾಗಿಲಿಗೂ ಬೆಂಕಿ ಬಿತ್ತು. ಒಂದು ಬಟ್ಟೆ ಅಂಗಡಿಯೊಳಗೆ ಸಿಕ್ಕಿಬಿದ್ದ ಐವರು ತರುಣಿಯರು ಸತ್ತರು, ಅವರಲ್ಲಿ ಒಬ್ಬಳು ಟಿಬೆಟನ್ ಹುಡುಗಿ. ಆ ದಿನ 18 ಮಂದಿ ನಾಗರಿಕರು ಸತ್ತರೆಂದು ಸರಕಾರ ಹೇಳಿತು. ಆಮೇಲೆ ನಡೆದ ದಮನದಲ್ಲಿ ಇದಕ್ಕಿಂತ ಬಹಳ ಹೆಚ್ಚು ಟಿಬೆಟನ್ನರು ಸತ್ತರೆಂದು ದೇಶಭ್ರಷ್ಟ ಟಿಬೆಟನ್ನರು ಹೇಳಿದರು. ಅಂದು ತಮ್ಮ ಅಂಗಡಿಯ ಬಾಗಿಲಿಗೆ ಬಿಳಿಯ 'ಖತಾ' ವಸ್ತ್ರ ಕಟ್ಟಿ 'ಇದು ಟಿಬೆಟನ್ನರದು' ಎಂದು ಸೂಚಿಸಿದವರ ಅಂಗಡಿಗಳು ಉಳಿದವು. ಗಲಭೆ ಕಂಡ ಯಾವ ಊರಿನವರಿಗೂ ಬಾಗಿಲ ಮೇಲಿನ ಗುರುತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಮಸೀದಿಯ ಬಾಗಿಲು ಸುಟ್ಟಿತೆಂದು ಕೇಳಿದಾಗ ನಮ್ಮಲ್ಲಿ ಅನೇಕರಿಗೆ ನೋವಾಯಿತು, ಸಿಟ್ಟೂ ಬಂತು. ಆದರೆ ಇದನ್ನು ಬೌದ್ಧ-ಮುಸ್ಲಿಮ್ ದ್ವೇಷವೆಂದು ಬರೆದುಬಿಟ್ಟರೆ ಚರಿತ್ರೆಗೆ ಅನ್ಯಾಯವಾಗುತ್ತದೆ. ಹಳೆಯ ಗಾಯವೊಂದು ಇರಲಿಲ್ಲವೆಂದಲ್ಲ. 20ನೇ ಶತಮಾನದ ಮೊದಲರ್ಧದಲ್ಲಿ ಚಿಂಗ್‌ಹಾಯ್ ಪ್ರಾಂತವನ್ನು ಆಳಿದ ಮಾ ಮನೆತನದ ಮುಸ್ಲಿಮ್ ಸೇನಾಪತಿಗಳು, ಮುಖ್ಯವಾಗಿ ಮಾ ಬುಫಾಂಗ್, ಅಲ್ಲಿಯ ಟಿಬೆಟನ್ನರ ಮೇಲೆ ಕ್ರೌರ್ಯ ನಡೆಸಿದ್ದು ನಿಜ. ಆ ನೆನಪು ಅಲ್ಲಿ ಇನ್ನೂ ಹಸಿಯಾಗಿದೆ. ಅನ್ಯಾಯ ಮಾಡಿದವರು ನಮ್ಮವರೆಂಬ ಕಾರಣಕ್ಕೆ ಅದನ್ನು ಮುಚ್ಚಿಡುವುದು ನಮಗೆ ತಕ್ಕುದಲ್ಲ. ಆದರೆ 2000ದ ದಶಕದ ಆರಂಭದಿಂದ ಚಿಂಗ್‌ಹಾಯ್, ಗಾನ್ಸು ಕಡೆಯ ಟಿಬೆಟನ್ ಊರುಗಳಲ್ಲಿ ಮುಸ್ಲಿಮ್ ಅಂಗಡಿಗಳಿಗೆ ಬಹಿಷ್ಕಾರ ಹಾಕುವ ಕರೆಗಳು, ಮುಸ್ಲಿಮ್ ಹೋಟೆಲುಗಳ ಊಟದ ಬಗ್ಗೆ ಹೇಸಿಗೆಯ ವದಂತಿಗಳು ಹಬ್ಬಿದ್ದು ಹಳೆಯ ನೆನಪಿನಿಂದಲೇ ಅಲ್ಲ. ಕೆಲಸವಿಲ್ಲದ ತರುಣನ ಕಣ್ಣಿಗೆ ಬೀಜಿಂಗ್ ಕಾಣುವುದಿಲ್ಲ. ಗುತ್ತಿಗೆ ಪಡೆದ ಕಂಪೆನಿಯ ಯಜಮಾನ ಕಾಣುವುದಿಲ್ಲ. ಕಾಣುವುದು ತನ್ನ ಬೀದಿಯಲ್ಲಿ ಹೊಸದಾಗಿ ಬಾಗಿಲು ತೆರೆದ ಟೊಪ್ಪಿಯ ನೂಡಲ್ಸ್ ಅಂಗಡಿಯವನು. ಅವನಾದರೂ ಯಾರು? ಬರಗಾಲದ ಗಾನ್ಸುವಿನಿಂದ ಹೊಟ್ಟೆಪಾಡಿಗೆ ಬಂದ ಇನ್ನೊಬ್ಬ ಬಡವ.

ಈ ಹುಯಿ ವ್ಯಾಪಾರಿಗೂ ಅಭಿವೃದ್ಧಿ ಶಾಶ್ವತ ಆಸರೆಯೇನೂ ಆಗಲಿಲ್ಲ. ರಾಜ್ಯದ ಆಶ್ರಯ ತನಗಿದೆಯೆಂದು ಅವನು ನಂಬಿದ್ದಿರಬಹುದು. ಆದರೆ 2018ರ ನಂತರ ಹುಯಿಗಳ ಊರುಗಳಲ್ಲೇ ಮಸೀದಿಗಳ ಗುಮ್ಮಟಗಳನ್ನು, ಹೋಟೆಲುಗಳ ಅರಬಿ ಫಲಕಗಳನ್ನು ತೆಗೆಸಲಾಯಿತು. ಯುನ್ನಾನ್ ಪ್ರಾಂತದ ಶಾದಿಯಾನ್‌ನ ದೊಡ್ಡ ಮಸೀದಿಯ ಗುಮ್ಮಟ 2024ರ ಹೊತ್ತಿಗೆ ಇಲ್ಲವಾಯಿತು. ಶಿನ್‌ಜಿಯಾಂಗ್‌ನ ಉಯ್ಘರರು ಅನುಭವಿಸಿದ್ದು ಎಲ್ಲರಿಗೂ ತಿಳಿದಿದೆ. ಟಿಬೆಟನ್ನನ ಭಾಷೆಯನ್ನು ಪೇಟೆಯಿಂದ ಹೊರಗೆ ಹಾಕಿದ ನೀತಿಯೇ ಮುಂದೆ ಮುಸ್ಲಿಮನ ಗುಮ್ಮಟವನ್ನೂ ಇಳಿಸಿತು. ಇದನ್ನು ಅರಿಯುವ ಮೊದಲು ಇಬ್ಬರೂ ಪರಸ್ಪರರ ಅಂಗಡಿಗಳನ್ನು ನೋಡಿ ಹಲ್ಲು ಕಡಿದಿದ್ದರು.

ಒಬ್ಬ ಅಂಗಡಿಕಾರನ ಕೇಸು

ಈ ಕಥೆಯಲ್ಲಿ ಇನ್ನೊಬ್ಬ ವ್ಯಾಪಾರಿ ಬರುತ್ತಾನೆ. ಚಿಂಗ್‌ಹಾಯ್‌ನ ಯುಶು ಪಟ್ಟಣದ ತಾಶಿ ವಾಂಗ್‌ಚುಕ್ ಎಂಬ ಅಂಗಡಿಕಾರ. ತನ್ನ ಅಣ್ಣತಮ್ಮಂದಿರ ಮಕ್ಕಳಿಗೆ ಟಿಬೆಟನ್ ಓದಿಸಲು ಊರಲ್ಲಿ ಒಂದು ತರಗತಿಯೂ ಸಿಗದೆ ಆತ 2015ರಲ್ಲಿ ಬೀಜಿಂಗಿಗೆ ಹೋಗಿ ಕೇಸು ಹಾಕಲು ಪ್ರಯತ್ನಿಸಿದ. ಕೇಳಿದ್ದು ಸ್ವಾತಂತ್ರ್ಯವನ್ನಲ್ಲ, ಚೀನಾದ ಸಂವಿಧಾನವೇ ಕೊಟ್ಟ ಭಾಷೆಯ ಹಕ್ಕನ್ನು. ಅಮೆರಿಕದ ಪತ್ರಿಕೆಯೊಂದು ಅವನ ಚಿತ್ರೀಕರಣ ಮಾಡಿತು. 2016ರ ಜನವರಿಯಲ್ಲಿ ಆತನನ್ನು ಬಂಧಿಸಲಾಯಿತು. ಐದು ವರ್ಷದ ಶಿಕ್ಷೆ ಮುಗಿಸಿ 2021ರ ಜನವರಿಯಲ್ಲಿ ಹೊರಬಂದ. ಅದಕ್ಕೂ ಮೊದಲು, 2010ರ ಅಕ್ಟೋಬರಿನಲ್ಲಿ, ಅದೇ ಪ್ರಾಂತದ ಶಾಲಾ ಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ತಮ್ಮ ಭಾಷೆಗಾಗಿ ಬೀದಿಗಿಳಿದಿದ್ದರು. ಸುಮಾರು 10 ಲಕ್ಷ ಟಿಬೆಟನ್ ಮಕ್ಕಳು ಮನೆಯಿಂದ ದೂರದ ವಸತಿ ಶಾಲೆಗಳಲ್ಲಿ ಚೀನೀ ಮಾಧ್ಯಮದಲ್ಲಿ ಬೆಳೆಯುತ್ತಿದ್ದಾರೆಂದು 2023ರಲ್ಲಿ ವಿಶ್ವಸಂಸ್ಥೆಯ ತಜ್ಞರು ಆತಂಕ ವ್ಯಕ್ತಪಡಿಸಿದರು. ಚೀನಾ ಇದನ್ನು ಅಲ್ಲಗಳೆದಿದೆ.

ಒಬ್ಬ ಅಂಗಡಿಕಾರನಿಗೆ ವ್ಯಾಕರಣದ ಚಿಂತೆ ಯಾಕೆ ಎಂದು ಕೇಳಬಹುದು. ಆತನಿಗೆ ಗೊತ್ತಿತ್ತು. ಪೇಟೆಯಲ್ಲಿ ಬೇಡವಾದ ಭಾಷೆಯನ್ನು ಶಾಲೆ ಬಿಡುತ್ತದೆ. ಶಾಲೆ ಬಿಟ್ಟ ಭಾಷೆಯನ್ನು ಮಕ್ಕಳು ಬಿಡುತ್ತಾರೆ. ಆಮೇಲೆ ಅದು ಅಜ್ಜಿಯ ಜೊತೆ ಮಾತಾಡುವ ಭಾಷೆಯಾಗುತ್ತದೆ, ಅಜ್ಜಿ ಇರುವಷ್ಟು ದಿನ. ಲಾಸಾದ ಬಾರ್ಖೋರಿನಲ್ಲೂ 2013ರ ಹೊತ್ತಿಗೆ ಬೀದಿಬದಿಯ ಮಳಿಗೆಗಳನ್ನೆಲ್ಲ ಎಬ್ಬಿಸಿ ಒಂದು ಮಾಲಿನೊಳಗೆ ಸಾಗಿಸಲಾಯಿತು. ಬೀದಿ ಚೊಕ್ಕಟವಾಯಿತು. ಪ್ರದಕ್ಷಿಣೆ ಹಾಕುತ್ತ ಹಾಕುತ್ತ ಒಂದು ಮಾರು ಬಟ್ಟೆಗೆ ಚೌಕಾಸಿ ಮಾಡುತ್ತಿದ್ದ ಆ ಹಳೆಯ ಬದುಕು ಅಲ್ಲಿಂದ ಎದ್ದುಹೋಯಿತು.

ಕುಶಾಲನಗರದ ಸಂತೆ

ಇದನ್ನು ಬರೆಯುವಾಗ ನಮ್ಮ ಮನಸ್ಸು ಮತ್ತೆ ಮತ್ತೆ ಬೈಲಕುಪ್ಪೆಗೆ ಹೋಗುತ್ತಿತ್ತು. ಖಾಚೆಗಳು ಶ್ರೀನಗರ ಸೇರಿದ ಕಾಲದಲ್ಲೇ, 1960-61ರಲ್ಲಿ, ಅಂದಿನ ಮೈಸೂರು ರಾಜ್ಯ ಬೌದ್ಧ ಟಿಬೆಟನ್ನರಿಗೆ ಪಿರಿಯಾಪಟ್ಟಣ ತಾಲೂಕಿನಲ್ಲಿ ನೆಲ ಕೊಟ್ಟಿತು. ಮುಂದೆ ಮುಂಡಗೋಡ, ಹುಣಸೂರು, ಕೊಳ್ಳೇಗಾಲಗಳಲ್ಲೂ ಅವರ ನೆಲೆಗಳಾದವು. ಹಿಮದ ನಾಡಿನ ಜನ ಆನೆಕಾಡಿನ ಅಂಚಿನಲ್ಲಿ ಕಾಡು ಕಡಿದು ಜೋಳ ಬಿತ್ತಿದರು. ಆ ತಲೆಮಾರು ಕನ್ನಡ ಕಲಿತದ್ದು ಶಾಲೆಯಲ್ಲಿ ಅಲ್ಲ, ಕುಶಾಲನಗರದ ಸಂತೆಯಲ್ಲಿ. ಲಾಸಾದಲ್ಲಿ ಖಾಚೆ ಟಿಬೆಟನ್ ಕಲಿತ ಹಾಗೆಯೇ. ಕೊಳ್ಳುವವರು ಕನ್ನಡದವರಾಗಿದ್ದರು, ಅಷ್ಟೇ ಕಾರಣ.

ಕೆಲವು ವರ್ಷಗಳ ಹಿಂದೆ ನಾವು ಅಲ್ಲಿಯ ಸ್ವೆಟರ್ ಅಂಗಡಿಯೊಂದರಲ್ಲಿ ನಿಂತಿದ್ದೆವು. ಅಂಗಡಿಯ ಅಜ್ಜಿ, "ಒಂದೇ ರೇಟು ಅಣ್ಣಾ, ಇದು ಬಾಳಿಕೆ ಬರ್ತದೆ" ಎಂದು ನಮಗಿಂತ ಸಲೀಸಾಗಿ ಸಂತೆಗನ್ನಡ ಮಾತಾಡಿದರು. ಪಕ್ಕದಲ್ಲಿದ್ದ ಮೊಮ್ಮಗ ಚಿಲ್ಲರೆ ಕೊಡುತ್ತ ಹಿಂದಿಯಲ್ಲಿ ಮಾತಾಡಿದ. ಚಿನ್ನದ ಬಣ್ಣದ ಬುದ್ಧರನ್ನು ನೋಡಲು ಬರುವವರು ಈಗ ಎಲ್ಲ ಕಡೆಯವರು, ಅವನಿಗೆ ಕನ್ನಡದ ಅಗತ್ಯ ಅಷ್ಟಾಗಿ ಇಲ್ಲ. ಅವನ ಓರಗೆಯ ಅನೇಕರು ಬೆಂಗಳೂರಿಗೆ, ಕೆನಡಾಕ್ಕೆ, ಅಮೆರಿಕಕ್ಕೆ ಹೋಗಿದ್ದಾರೆ. ಇಲ್ಲಿ ಯಾವ ಸೇನೆಯೂ ಬಂದಿಲ್ಲ, ಯಾರೂ ಯಾರ ಶಾಲೆಯನ್ನೂ ಮುಚ್ಚಿಸಿಲ್ಲ. ಆದ್ದರಿಂದ ಲಾಸಾವನ್ನೂ ಬೈಲಕುಪ್ಪೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಅಲ್ಲಿ ಆಯ್ಕೆಯೇ ಇಲ್ಲ. ಇಲ್ಲಿ ಆಯ್ಕೆಯಿದೆ. ತನ್ನ ಭಾಷೆಯಲ್ಲಿ ಓದಲು ಅವನಿಗೆ ಶಾಲೆಯಿದೆ, ಮಠವಿದೆ. ಆ ಅಜ್ಜಿ ಮೊಮ್ಮಗನನ್ನು ಗದರಿದ್ದು ಟಿಬೆಟನ್ನಿನಲ್ಲೇ, ಅವನು ತಿರುಗಿ ಉತ್ತರಿಸಿದ್ದೂ ಅದರಲ್ಲೇ.

ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ ಆಡುತ್ತ ಬೆಳೆದ ನಮ್ಮಂಥವರಿಗೆ ಈ ಚರಿತ್ರೆ ದೂರದ್ದಲ್ಲ. ಒಂದು ಊರಿನ ಜನರ ಭಾಷೆಯನ್ನು ಕಲಿತು ಅವರ ನಡುವೆ ಅಂಗಡಿ ಇಟ್ಟವನು ಅವರ ಮನೆಯವನಾಗುತ್ತಾನೆ ಎಂದು ಖಾಚೆಗಳ ಮುನ್ನೂರು ವರ್ಷ ಹೇಳುತ್ತದೆ. ಆ ಊರಿನ ಜನರೇ ತಮ್ಮ ಪೇಟೆಯಲ್ಲಿ ಮೂಕರಾಗುವಂತೆ ಮಾಡಿದ ಸಂಪತ್ತು ಅಂಗಡಿಕಾರನನ್ನೂ ಸುಡುತ್ತದೆ ಎಂದು 2008ರ ಆ ದಿನ ಹೇಳುತ್ತದೆ. ಲಾಸಾಕ್ಕೆ ರೈಲು ಬೇಡವಾಗಿತ್ತೆಂದು ನಾವು ಹೇಳುವುದಿಲ್ಲ. ಹಳಿ ಎಲ್ಲಿಗೆ ಹೋಗಬೇಕು, ಅದರಲ್ಲಿ ಏನು ಬರಬೇಕು, ಬಂದವರು ಯಾವ ಭಾಷೆಯಲ್ಲಿ ಸಲಾಮು ಹೇಳಬೇಕು ಎಂದು ಅಲ್ಲಿಯವರನ್ನು ಯಾರಾದರೂ ಕೇಳಬೇಕಾಗಿತ್ತು. ಬಾಣ ಬಿಡಿಸಿ ನೆಲ ಕೊಟ್ಟ ಆ ಕಥೆಯಲ್ಲಿ, ಅದು ಬರೀ ಕಥೆಯೇ ಇರಲಿ, ಲಾಮಾ ಬಿಲ್ಲುಗಾರನನ್ನು ಕಳಿಸುವ ಮೊದಲು ಪೀರರನ್ನು ಕರೆಸಿ, ನಿಮಗೆ ಏನು ಬೇಕು ಎಂದು ಕೇಳಿದ್ದರು.